ಖಾಲಿ ಮೂಲೆ ನೋಡಿ ಬೊಗಳುವ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ, ಭಯದ ಕಥೆಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೆ. ಪತ್ರಗಳು ಬಂದವು. ಒಡೆದು ನೋಡಿದರೆ ಅರ್ಧಕ್ಕರ್ಧ ಪತ್ರಗಳಲ್ಲಿ ದೆವ್ವದ ಪಕ್ಕ ಒಂದು ನಾಯಿಯೂ ಕೂತಿದೆ. ತುಂಬಾ ಖುಷಿಯಾಯಿತು. ನಾನು ಹದಿನೆಂಟು ವರ್ಷದಿಂದ ಭಯದ ಕಥೆ ಬರೆಯುತ್ತಿದ್ದೇನೆ. ಅಷ್ಟೂ ವರ್ಷ ಮನೆಯಲ್ಲಿ ನಾಯಿ ಇದೆ. ಮೊದಲು ಗುಂಡ ಇದ್ದ, ಈಗ ಕಾಡಿಗೆ ಎಂಬ ಹೆಸರಿನವಳು ಇದ್ದಾಳೆ. ಇದನ್ನು ಬರೆಯುವಾಗಲೂ ಕಾಡಿಗೆ ಮೇಜಿನ ಕೆಳಗೆ ನನ್ನ ಎಡಪಾದದ ಮೇಲೆ ಗದ್ದ ಊರಿ ಮಲಗಿದ್ದಾಳೆ. ಪಾದ ಜೋಮು ಹಿಡಿದಿದೆ. ಎಳೆದುಕೊಳ್ಳಲು ಮನಸ್ಸಿಲ್ಲ. ಹಾಗಾಗಿ ಈ ಸಲ ನಾಯಿ ಇರುವ ಪತ್ರಗಳಿಗೆ ಮಾತ್ರ ಉತ್ತರ.

ಪ್ರಶ್ನೆ: ಆಂಟಿ, ನಮ್ಮ ನಾಯಿ ರಾತ್ರಿ ಎದ್ದು ಖಾಲಿ ಮೂಲೆ ನೋಡಿ ಬೊಗಳುತ್ತೆ. ಅಲ್ಲಿ ಏನೂ ಇರಲ್ಲ. ನಾಯಿಗೆ ದೆವ್ವ ಕಾಣುತ್ತೆ ಅಂತ ಅಣ್ಣ ಹೇಳ್ತಾನೆ. ನಿಜಾನಾ?
– ಆರನೇ ಕ್ಲಾಸಿನ ಪುಟ್ಟ ಓದುಗ

ಉತ್ತರ: ಪುಟ್ಟಾ, ಅಲ್ಲಿ ಏನೂ ಇಲ್ಲ ಅನ್ನುವುದು ನಿನ್ನ ಮಾತು. ನಿಮ್ಮ ನಾಯಿ ಅದನ್ನು ಒಪ್ಪುತ್ತಿಲ್ಲ ನೋಡು. ಅದರ ಮಾತಿನಲ್ಲೂ ಸತ್ಯ ಇದೆ. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಶಬ್ದ ಮಾತ್ರ ಕೇಳುತ್ತದೆ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅದು ಹೆಚ್ಚಿದಷ್ಟೂ ದನಿ ಕೀರಲು. ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೆ ಕೇಳುತ್ತದೆ. ಇಲಿಗಳು ಒಂದಕ್ಕೊಂದು ಮಾತಾಡಿಕೊಳ್ಳುವುದು ಹೆಚ್ಚಾಗಿ ನಮಗೆ ಕೇಳದಷ್ಟು ಕೀರಲು ದನಿಯಲ್ಲಿ. ಗೋಡೆಯ ಹಿಂದೆ ಒಂದು ಇಲಿ ಸಂಸಾರ ಜಗಳ ಆಡುತ್ತಿದ್ದರೆ ನಿನಗೆ ನಿಶ್ಶಬ್ದ, ಅದಕ್ಕೆ ದೊಡ್ಡ ಗಲಾಟೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಕಾಡಿಗೆ ಮೂರು ರಾತ್ರಿ ಸತತವಾಗಿ ಪುಸ್ತಕದ ಕಪಾಟಿನ ಮೂಲೆಗೆ ಬೊಗಳಿದಳು. ಬೊಗಳುವುದು, ತಲೆ ವಾಲಿಸಿ ಕೇಳುವುದು, ಮತ್ತೆ ಬೊಗಳುವುದು. ನಾಲ್ಕನೇ ದಿನ ಕಪಾಟು ಸರಿಸಿದೆ. ಹಿಂದೆ ಒಂದು ಗೂಡು. ನನ್ನ ಹಳೆಯ ಕಥೆಯೊಂದರ ಹಾಳೆಗಳನ್ನು ಎಳೆ ಎಳೆಯಾಗಿ ಸೀಳಿ, ಶಾವಿಗೆಯಂತೆ ಸುತ್ತಿ ಮಾಡಿದ್ದು. ಅದರೊಳಗೆ ಐದು ಮರಿ. ಒಂದೊಂದೂ ನನ್ನ ಕಿರುಬೆರಳಿನ ತುದಿಯಷ್ಟು. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ಕೂದಲೂ ಇಲ್ಲ, ಬರೀ ಗುಲಾಬಿ ಬಣ್ಣ. ಬಾಯಿ ತೆರೆದು ಅಳುತ್ತಿದ್ದವು, ನನಗೆ ಒಂದು ಚೂರೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕಾಡಿಗೆಯ ಎರಡು ಕಿವಿಯೂ ಆ ಕಡೆಗೇ ನಿಮಿರಿ ನಿಂತಿದ್ದವು. ಆ ಐದು ನಿಮಿಷ ನನಗೆ ಈಗಲೂ ನೆನಪಿದೆ. ಒಂದೇ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು, ಆದರೆ ಅವಳ ಕೋಣೆ ನನ್ನದಕ್ಕಿಂತ ದೊಡ್ಡದು.

ದೆವ್ವ ಕಾಣುತ್ತದೋ ಇಲ್ಲವೋ ಅಂತ ಕೇಳಿದೆಯಲ್ಲ. ನಮಗೆ ಗೊತ್ತಾಗದ ಎಷ್ಟೋ ಅದಕ್ಕೆ ಗೊತ್ತಾಗುತ್ತದೆ. ಇಷ್ಟಂತೂ ಖಂಡಿತ. ಮುಂದಿನ ಸಲ ಬೊಗಳಿದಾಗ ಗದರಬೇಡ. ಹತ್ತಿರ ಹೋಗಿ ಅದರ ಪಕ್ಕ ಕೂತು, ಅದು ನೋಡುವ ಕಡೆಗೇ ನೀನೂ ಸುಮ್ನೆ ನೋಡು. ಅಣ್ಣನನ್ನೂ ಕೂರಿಸಿಕೋ.

ಪ್ರಶ್ನೆ: ರಾತ್ರಿ ಮಂಚದ ಪಕ್ಕ ಕೈ ಇಳಿಬಿಟ್ಟರೆ ಕೆಳಗಿನಿಂದ ಯಾರೋ ಹಿಡಿಯುತ್ತಾರೆ ಎಂಬ ಭಯ. ವಯಸ್ಸು ನಲವತ್ತೆರಡು, ಹೇಳಿಕೊಳ್ಳಲು ನಾಚಿಕೆ. ನಾಯಿ ಸಾಕಿದರೆ ಹೋಗುತ್ತದೆಯೇ?
– ಹೆಸರು ಬೇಡ ಎಂದವರು

ಉತ್ತರ: ನಾಚಿಕೆ ಯಾಕೆ? ಈ ಭಯದ ಮೇಲೆ ದೊಡ್ಡ ದೊಡ್ಡವರು ಕಥೆ ಬರೆದಿದ್ದಾರೆ. ಎಂ. ಆರ್. ಜೇಮ್ಸ್ (1862–1936) ಅಂತ ಒಬ್ಬರಿದ್ದರು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಮುಖ್ಯಸ್ಥರು, ಹಳೆಯ ಹಸ್ತಪ್ರತಿಗಳನ್ನು ಅರೆದು ಕುಡಿದವರು. ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರನ್ನು ಕೂರಿಸಿಕೊಂಡು ಮೇಣದಬತ್ತಿ ಬೆಳಕಿನಲ್ಲಿ ತಾವೇ ಬರೆದ ದೆವ್ವದ ಕಥೆ ಓದುತ್ತಿದ್ದರು. 1919ರಲ್ಲಿ ಪುಸ್ತಕವಾಗಿ ಬಂದ ಅವರ ಒಂದು ಕಥೆಯಲ್ಲಿ ಒಬ್ಬ ರಾತ್ರಿ ಕುರ್ಚಿಯಲ್ಲಿ ಕೂತಿರುತ್ತಾನೆ. ಕೈ ಕೆಳಗೆ ಇಳಿಬಿದ್ದಿರುತ್ತದೆ. ಬೆರಳಿಗೆ ಕೂದಲು ತಾಗುತ್ತದೆ. ತನ್ನ ಸ್ಪಾನಿಯಲ್ ನಾಯಿ ಬಂದು ಮಲಗಿದೆ ಅಂದುಕೊಂಡು ಸವರುತ್ತಾನೆ, ತಟ್ಟುತ್ತಾನೆ. ಆದರೆ ಅದು ಅಲ್ಲಾಡುವುದೇ ಇಲ್ಲ. ಆಗ ಅವನು ಬಗ್ಗಿ ನೋಡುತ್ತಾನೆ. ಅವನು ಸವರುತ್ತಿದ್ದದ್ದು ಅವನ ಮುಖಕ್ಕೆ ಎದುರಾಗಿ ಮೇಲೇಳುತ್ತದೆ.

ನಾನು ಈ ಕಥೆಯನ್ನು ಎಷ್ಟು ಸಲ ಓದಿದ್ದೇನೋ. ಪ್ರತಿ ಸಲವೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೂದಲಲ್ಲ, ಆ ಅಲ್ಲಾಡದೆ ಇರುವುದು. ನಾಯಿ ಸಾಕಿದವರಿಗೆ ಮಾತ್ರ ಅದರ ತೂಕ ಪೂರ್ತಿ ಗೊತ್ತಾಗುತ್ತದೆ. ಯಾಕೆಂದರೆ ಕತ್ತಲಲ್ಲಿ ಮುಟ್ಟಿದರೆ ನಾಯಿ ಉತ್ತರ ಕೊಡದೆ ಇರುವುದಿಲ್ಲ. ಕಾಡಿಗೆಯ ಮೇಲೆ ಕೈ ಇಟ್ಟರೆ ಮೊದಲು ಬೆನ್ನಿನ ಚರ್ಮ ಒಮ್ಮೆ ಅಲೆಯಂತೆ ಹರಿಯುತ್ತದೆ. ಆಮೇಲೆ ಬಾಲ ನೆಲಕ್ಕೆ ಟಪ್, ಟಪ್. ಎರಡೇ ಸಲ. ಆಮೇಲೆ ಮೂಗಿನಿಂದ ಒಂದು ಉದ್ದನೆಯ ಉಸಿರು. ನಿದ್ದೆಗಣ್ಣಲ್ಲೂ ಈ ಮೂರು ತಪ್ಪುವುದಿಲ್ಲ.

ನಾಯಿ ತನ್ನಿ. ಮಂಚದ ನೀವು ಮಲಗುವ ಬದಿಯಲ್ಲೇ ಅದರ ಹಾಸಿಗೆ ಹಾಕಿ. ಮೊದಲ ವಾರ ಅದಕ್ಕೂ ಹೊಸ ಮನೆಯ ಭಯ ಇರುತ್ತದೆ, ನಿಮಗಿಂತ ಜಾಸ್ತಿ. ಕೈ ಇಳಿಬಿಡಿ. ಅದು ಮೂಸಿ ನೋಡಲಿ. ಇಬ್ಬರ ಭಯವೂ ಒಟ್ಟಿಗೇ ಇಳಿಯುತ್ತದೆ.

ಪ್ರಶ್ನೆ: ದೆವ್ವದ ಕಥೆಗೂ ವಿಯರ್ಡ್ ಫಿಕ್ಷನ್ ಅನ್ನುವುದಕ್ಕೂ ಏನು ವ್ಯತ್ಯಾಸ ಮೇಡಂ? ಎರಡೂ ಹೆದರಿಸುವುದಕ್ಕೇ ತಾನೇ?
– ಕಾಲೇಜು ವಿದ್ಯಾರ್ಥಿನಿ

ಉತ್ತರ: ದೆವ್ವಕ್ಕೆ ಒಂದು ಲೆಕ್ಕ ಇರುತ್ತದೆ. ಯಾರೋ ಅನ್ಯಾಯ ಮಾಡಿರುತ್ತಾರೆ, ಅದು ತೀರಿಸಿಕೊಳ್ಳಲು ಬಂದಿರುತ್ತದೆ. ಲೆಕ್ಕ ಚುಕ್ತಾ ಆದರೆ ಹೋಗುತ್ತದೆ. ವಿಯರ್ಡ್ ಕಥೆಯಲ್ಲಿ ಎದುರಿಗೆ ಬಂದದ್ದಕ್ಕೆ ನಮ್ಮ ಮೇಲೆ ಸಿಟ್ಟೂ ಇಲ್ಲ, ಸೇಡೂ ಇಲ್ಲ. ಅದರ ಲೆಕ್ಕದಲ್ಲಿ ನಾವು ಇಲ್ಲವೇ ಇಲ್ಲ. ಇಂಗ್ಲೆಂಡಿನ ಲೇಖಕ ಆಲ್ಜರ್ನನ್ ಬ್ಲ್ಯಾಕ್‌ವುಡ್ 1907ರಲ್ಲಿ ಪ್ರಕಟಿಸಿದ ಒಂದು ನೀಳ್ಗತೆಯಲ್ಲಿ ಇಬ್ಬರು ಗೆಳೆಯರು ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹಾಕಿಕೊಂಡು ಹೋಗಿ ಒಂದು ಮರಳು ದಿಬ್ಬದ ಮೇಲೆ ತಂಗುತ್ತಾರೆ. ಸುತ್ತ ಬರೀ ವಿಲೋ ಗಿಡ. ಅವರು ಯಾವ ತಪ್ಪೂ ಮಾಡಿಲ್ಲ. ಇನ್ನೊಂದು ಲೋಕದ ಗಡಿ ತೆಳುವಾಗಿರುವ ಜಾಗದಲ್ಲಿ ಬಂದು ಮಲಗಿದ್ದಾರೆ, ಅಷ್ಟೇ. ಅಮೆರಿಕದಲ್ಲಿ 1923ರಲ್ಲಿ 'ವಿಯರ್ಡ್ ಟೇಲ್ಸ್' ಅನ್ನುವ ಪತ್ರಿಕೆ ಶುರುವಾಯಿತು. ಇಂಥ ಕಥೆಗಳಿಗೆ ಅದು ತವರುಮನೆಯಂತೆ ಆಯಿತು.

ಇನ್ನೂ ಸುಲಭವಾಗಿ ಹೇಳುತ್ತೇನೆ. ವರ್ಷಕ್ಕೊಮ್ಮೆ ಕಾಡಿಗೆಯನ್ನು ಲಸಿಕೆಗೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವಳ ಕಡೆಯಿಂದ ಯೋಚನೆ ಮಾಡಿ. ಬಾಗಿಲಲ್ಲೇ, ಹಿಂದೆ ಬಂದು ಹೋದ ಎಷ್ಟೋ ಪ್ರಾಣಿಗಳ ಭಯದ ವಾಸನೆ. ತಣ್ಣನೆಯ ಸ್ಟೀಲ್ ಮೇಜು, ಉಗುರು ಊರಲು ಹೋದರೆ ಜಾರುತ್ತದೆ. ದೊಡ್ಡ ಆಕಾರವೊಂದು ಬಂದು ಕತ್ತಿನ ಚರ್ಮ ಎತ್ತಿ ಹಿಡಿದು ಚುಚ್ಚುತ್ತದೆ. ಸಿಟ್ಟಿಲ್ಲ, ಬೈಗುಳ ಇಲ್ಲ, ಕಾರಣವೂ ಇಲ್ಲ. ಅವಳಿಗೆ ಅದು ಪೂರ್ತಿ ವಿಯರ್ಡ್ ಕಥೆ, ಅಲ್ವಾ? ಒಂದೇ ಒಂದು ವ್ಯತ್ಯಾಸ. ಸೂಜಿ ಚುಚ್ಚುವಾಗ ಅವಳು ಮೂತಿಯನ್ನು ನನ್ನ ಮೊಣಕೈ ಸಂದಿಗೆ ತುರುಕುತ್ತಾಳೆ. ವಿಯರ್ಡ್ ಕಥೆಯ ಮನುಷ್ಯರಿಗೆ ಹಾಗೆ ತುರುಕಿಕೊಳ್ಳಲು ಯಾರ ಮೊಣಕೈಯೂ ಇರುವುದಿಲ್ಲ.

ಪ್ರಶ್ನೆ: ಲವ್‌ಕ್ರಾಫ್ಟ್‌ಗೆ ನಾಯಿ ಕಂಡರೆ ಆಗುತ್ತಿರಲಿಲ್ಲವಂತೆ. ನಾಯಿ ಪ್ರೀತಿಸುವವರು ಅವರ ಕಥೆ ಓದಬಹುದೇ?
– ಮೂರು ನಾಯಿಗಳ ಮನೆಯವರು

ಉತ್ತರ: ಅಮೆರಿಕದ ಭಯದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ (1890–1937) ಬೆಕ್ಕಿನ ಪಕ್ಷ, ಅದು ನಿಜ. ಚಿಕ್ಕಂದಿನಲ್ಲಿ ಒಂದು ಕಪ್ಪು ಬೆಕ್ಕಿತ್ತು. 1904ರಲ್ಲಿ ಅದು ಕಾಣೆಯಾಯಿತು. ಆಮೇಲೆ ಅವರು ಜೀವಮಾನದಲ್ಲಿ ಇನ್ನೊಂದು ಬೆಕ್ಕು ಸಾಕಲಿಲ್ಲ. ಬೀದಿಯಲ್ಲಿ ಸಿಕ್ಕ ಬೆಕ್ಕುಗಳನ್ನೆಲ್ಲ ಮಾತಾಡಿಸುತ್ತಿದ್ದರು. 1926ರಲ್ಲಿ ಬೆಕ್ಕು ಮೇಲೋ ನಾಯಿ ಮೇಲೋ ಎಂದು ಉದ್ದದ ಪ್ರಬಂಧವನ್ನೇ ಬರೆದರು. ಅದರಲ್ಲಿ ನಾಯಿಗೆ ಸಿಕ್ಕಾಪಟ್ಟೆ ಬೈಗುಳ. ಸ್ವಾಭಿಮಾನ ಇಲ್ಲದ ಪ್ರಾಣಿ, ಬಾಲ ಆಡಿಸುವುದೇ ಅದರ ಕಸುಬು ಎಂಬ ಧಾಟಿ.

ಆದರೆ ಅವರ ಕಥೆಗಳನ್ನು ತೆರೆದರೆ ಬೇರೆಯೇ ಚಿತ್ರ. 1929ರಲ್ಲಿ ಪ್ರಕಟವಾದ ಡನ್‌ವಿಚ್ ಎಂಬ ಹಳ್ಳಿಯ ಕಥೆಯಲ್ಲಿ ಒಬ್ಬ ಹುಡುಗ ಇದ್ದಾನೆ, ಅರ್ಧ ಮನುಷ್ಯ ಅರ್ಧ ಇನ್ನೇನೋ. ಊರಿನವರಿಗೆ ಅನುಮಾನ ಮಾತ್ರ. ನಾಯಿಗಳಿಗೆ ಖಾತ್ರಿ. ಅವನು ಹೋದಲ್ಲೆಲ್ಲ ಬೊಗಳುತ್ತವೆ. ಕೊನೆಗೆ ಒಂದು ಭಯಂಕರ ಪುಸ್ತಕ ಕದಿಯಲು ಅವನು ರಾತ್ರಿ ಗ್ರಂಥಾಲಯಕ್ಕೆ ನುಗ್ಗಿದಾಗ ಅವನನ್ನು ಮುಗಿಸುವುದು ಅಲ್ಲಿನ ಕಾವಲು ನಾಯಿ. ಪ್ರೊಫೆಸರುಗಳು ಬರುವ ಹೊತ್ತಿಗೆ ಕೆಲಸ ಆಗಿಹೋಗಿರುತ್ತದೆ. 1936ರಲ್ಲಿ ಬಂದ ಅಂಟಾರ್ಕ್‌ಟಿಕಾದ ಕಥೆಯಲ್ಲೂ ಅಷ್ಟೇ. ಹಿಮದಡಿ ಸಿಕ್ಕ ವಿಚಿತ್ರ ದೇಹಗಳ ವಾಸನೆ ಸಿಕ್ಕ ಕೂಡಲೇ ಸ್ಲೆಜ್ ಎಳೆಯುವ ನಾಯಿಗಳು ರೊಚ್ಚಿಗೇಳುತ್ತವೆ. ವಿಜ್ಞಾನಿಗಳು ಅವುಗಳನ್ನು ದೂರ ಕಟ್ಟಿ ಅಳತೆ ಟೇಪು ತೆಗೆಯುತ್ತಾರೆ. ಮುಂದೆ ಏನಾಯಿತು ಅಂತ ನೀವೇ ಓದಿ. ಪ್ರಬಂಧದಲ್ಲಿ ನಾಯಿಯನ್ನು ಬೈದವರಿಗೆ ಕಥೆಯಲ್ಲಿ ಸುಳ್ಳಾಡದ ಸಾಕ್ಷಿ ಬೇಕಾದಾಗ ನಾಯಿಯೇ ಬೇಕಾಯಿತು. ಇದು ನನಗೆ ಬಹಳ ಪ್ರೀತಿಯ ವಿಷಯ.

ಲವ್‌ಕ್ರಾಫ್ಟ್ ಮೇಲೆ ನನಗೆ ನಿಜವಾಗಿ ಇರುವ ಸಿಟ್ಟು ನಾಯಿಯದ್ದಲ್ಲ. ಬೇರೆ ಜನಾಂಗದ ಮನುಷ್ಯರ ಬಗ್ಗೆ ಅವರು ಬರೆದದ್ದು ಅಸಹ್ಯ. ಅದನ್ನು ಮರೆಮಾಚದೆ, ಗೊತ್ತಿದ್ದೇ ಓದಬೇಕು.

ಪ್ರಶ್ನೆ: ನಾಯಿಯೇ ಭೂತವಾಗಿರುವ ಒಂದು ವಿಚಿತ್ರ ಕಥೆ ಹೇಳಿ.
– ರಾತ್ರಿ ಪಾಳಿಯವರು

ಉತ್ತರ: ಬೆಲ್ಕ್‌ನ್ಯಾಪ್ ಲಾಂಗ್ ಎಂಬ ಅಮೆರಿಕದ ಲೇಖಕ ಬರೆದದ್ದು, 1929ರ ಮಾರ್ಚ್ ತಿಂಗಳ 'ವಿಯರ್ಡ್ ಟೇಲ್ಸ್'ನಲ್ಲಿ ಬಂತು. ಅದರಲ್ಲಿ ಕಾಲದ ಆಚೆಯಿಂದ ಬರುವ ಬೇಟೆನಾಯಿಗಳಿವೆ. ಅವು ಒಳಗೆ ಬರುವುದು ಮೂಲೆಗಳಿಂದ. ಕೋನ ಇದ್ದರೆ ಸಾಕು, ಅವಕ್ಕೆ ಬಾಗಿಲು ಇದ್ದ ಹಾಗೆ. ಹಾಗಾಗಿ ಕಥೆಯ ಮನುಷ್ಯ ಪ್ಲಾಸ್ಟರ್ ಕಲಸಿ ಕೋಣೆಯ ಮೂಲೆಗಳನ್ನೆಲ್ಲ ಮೆತ್ತಿ ಗುಂಡಗೆ ಮಾಡಿ ನಡುವೆ ಕೂರುತ್ತಾನೆ. ಆಮೇಲೆ ಭೂಕಂಪ ಆಗುತ್ತದೆ, ಪ್ಲಾಸ್ಟರ್ ಬಿರಿಯುತ್ತದೆ.

ಈ ಕಥೆ ಓದಿದ ರಾತ್ರಿ ನಾನು ಕೋಣೆಯ ಮೂಲೆಗಳನ್ನು ಎಣಿಸಿದೆ. ಗೋಡೆ, ಕಪಾಟು, ಮೇಜು, ಪುಸ್ತಕ, ಎಲ್ಲ ಸೇರಿ ಲೆಕ್ಕ ತಪ್ಪಿಹೋಯಿತು. ಆಮೇಲೆ ಕೆಳಗೆ ನೋಡಿದರೆ ಕಾಡಿಗೆ ಮೂರು ಸುತ್ತು ಸುತ್ತಿ, ಮೂಗನ್ನು ಬಾಲದ ಕೆಳಗೆ ಸೇರಿಸಿ, ಮುದುರಿ ಮಲಗಿದ್ದಾಳೆ. ಸುತ್ತಿಕೊಂಡು ಮಲಗಿದ ನಾಯಿಯಲ್ಲಿ ಒಂದೂ ಮೂಲೆ ಇಲ್ಲ. ನಾನು ದೀಪ ಆರಿಸಿ ಮಲಗಿದೆ.

ಪ್ರಶ್ನೆ: ಕತ್ತಲಲ್ಲಿ ಟಾರ್ಚ್ ಬಿಟ್ಟರೆ ನಾಯಿಯ ಕಣ್ಣು ಹಸಿರಾಗಿ ಉರಿಯುತ್ತದೆ. ಯಾಕೆ?

ಉತ್ತರ: ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಹೋದ ಬೆಳಕನ್ನು ಅದು ವಾಪಸ್ ಕಳಿಸುತ್ತದೆ. ಮಬ್ಬು ಬೆಳಕನ್ನು ಎರಡು ಸಲ ಬಳಸಿಕೊಂಡ ಹಾಗೆ ಆಯಿತು. ಮನುಷ್ಯರಿಗೆ ಆ ಪದರ ಇಲ್ಲ.

ಪ್ರಶ್ನೆ: ನಮ್ಮ ಕಪ್ಪು ನಾಯಿಗೆ ಎರಡು ಕಣ್ಣಿನ ಮೇಲೂ ಕಂದು ಚುಕ್ಕೆ ಇದೆ. ಅಪಶಕುನ ಅಂತಾರೆ ನೆಂಟರು. ನಿಮಗೇನನ್ನಿಸುತ್ತೆ?

ಉತ್ತರ: ನಮ್ಮ ಕಾಡಿಗೆಗೂ ಅದೇ ಚುಕ್ಕೆ ಇದೆ. ಮಲಗಿದಾಗ ಕಣ್ಣು ಮುಚ್ಚಿದರೂ ಆ ಎರಡು ಚುಕ್ಕೆ ಎಚ್ಚರವಾಗಿರುವಂತೆ ಕಾಣುತ್ತದೆ. ಋಗ್ವೇದದ ಹತ್ತನೇ ಮಂಡಲದಲ್ಲಿ ಯಮನ ಎರಡು ನಾಯಿಗಳು ಬರುತ್ತವೆ, ನಾಲ್ಕು ಕಣ್ಣಿನವು, ದಾರಿ ಕಾಯುವವು. ಪಾರ್ಸಿಗಳ ಹಳೆಯ ಪದ್ಧತಿಯಲ್ಲಿ ತೀರಿಕೊಂಡವರ ಹತ್ತಿರ ನಾಲ್ಕು ಕಣ್ಣಿನ ನಾಯಿಯನ್ನು ಕರೆತಂದು ತೋರಿಸುತ್ತಿದ್ದರು. ಆ ನಾಲ್ಕು ಕಣ್ಣು ಅಂದರೆ ಇದೇ ಚುಕ್ಕೆ ಎಂದು ವಿವರಿಸುತ್ತಾರೆ. ಸತ್ತವರನ್ನು ಕಾಪಾಡುವ ಕೆಲಸ ಕೊಟ್ಟದ್ದು ಇಂಥ ನಾಯಿಗೆ. ಇನ್ನು ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ಹೋದದ್ದು ಯಾರು? ನೆಂಟರಿಗೆ ಇಷ್ಟು ಹೇಳಿ.

ಪ್ರಶ್ನೆ: ಹಾರರ್ ಬರೆಯುವವರು ಯಾಕೆ ಮೊದಲು ನಾಯಿಯನ್ನೇ ಸಾಯಿಸುತ್ತಾರೆ? ಮನುಷ್ಯರು ಎಷ್ಟು ಸತ್ತರೂ ಓದುತ್ತೇನೆ, ನಾಯಿ ಸತ್ತರೆ ಪುಸ್ತಕ ಮುಚ್ಚಿಬಿಡುತ್ತೇನೆ.
– ನಿವೃತ್ತ ಶಿಕ್ಷಕಿ

ಉತ್ತರ: ನಾನೂ ಮುಚ್ಚುತ್ತೇನೆ, ಅಮ್ಮ. ಕೆಲವು ಲೇಖಕರಿಗೆ ಅದು ಸುಲಭದ ದಾರಿ. ಮನೆಯೊಳಗೆ ಏನೋ ಸೇರಿಕೊಂಡಿದೆ ಎಂದು ತೋರಿಸಬೇಕು, ಯಾರನ್ನಾದರೂ ಕಳೆದುಕೊಳ್ಳಬೇಕು, ಆದರೆ ಮುಖ್ಯ ಪಾತ್ರಗಳು ಇನ್ನೂ ನೂರು ಪುಟ ಬೇಕು. ಆಗ ನಾಯಿ ಬಲಿ. ಇದು ಸೋಮಾರಿತನ. ನನ್ನ ಕಥೆಗಳಲ್ಲಿ ನಾಯಿಯನ್ನು ಬರೀ ಓದುಗರನ್ನು ಬೆಚ್ಚಿಸಲು ಸಾಯಿಸುವುದಿಲ್ಲ ಎಂದು ಮೊದಲ ಕಥೆಯಲ್ಲೇ ನಿರ್ಧರಿಸಿದೆ. ಈವರೆಗೆ ಮುರಿದಿಲ್ಲ.

ಆದರೆ ನಾಯಿಯ ಸಾವನ್ನು ಮನಸಾರೆ ಬರೆದವರೂ ಇದ್ದಾರೆ. ಸ್ಟೀಫನ್ ಕಿಂಗ್ 1981ರಲ್ಲಿ ಹುಚ್ಚು ಹಿಡಿದ ಒಂದು ಸೇಂಟ್ ಬರ್ನಾರ್ಡ್ ನಾಯಿಯ ಕಾದಂಬರಿ ಬರೆದರು. ಎಲ್ಲರೂ ಅದನ್ನು ರಾಕ್ಷಸ ನಾಯಿಯ ಕಥೆ ಅಂತಾರೆ. ಓದಿ ನೋಡಿ. ಮೊಲದ ಹಿಂದೆ ಓಡಿ ಬಿಲಕ್ಕೆ ಮೂತಿ ಹಾಕಿದಾಗ ಬಾವಲಿ ಕಚ್ಚುತ್ತದೆ, ಅಷ್ಟೇ ಅದರ ತಪ್ಪು. ಅದು ಯಾವತ್ತೂ ಒಳ್ಳೆಯ ನಾಯಿಯಾಗಿರಲು ಪ್ರಯತ್ನಿಸಿತ್ತು ಎಂದು ಲೇಖಕರೇ ಹೇಳುತ್ತಾರೆ. ಆ ಪುಸ್ತಕದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಅದರ ತಲೆಯೊಳಗೆ ತನ್ನವರ ವಾಸನೆ ನಿಧಾನಕ್ಕೆ ಶತ್ರುಗಳ ವಾಸನೆಯಾಗಿ ತಿರುಗುವ ಪುಟಗಳು.

ಇಲ್ಲಿ ಕಥೆ ಪಕ್ಕಕ್ಕಿಟ್ಟು ಒಂದು ಮಾತು. ರೇಬಿಸ್ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಅದರಿಂದ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ಚೆನ್ನಾಗಿ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ನಾಯಿಗೆ ಲಸಿಕೆ ತಪ್ಪಿಸಬೇಡಿ. ಮೇಲೆ ಹೇಳಿದ ಆ ಸ್ಟೀಲ್ ಮೇಜಿಗೆ ಕಾಡಿಗೆಯನ್ನು ನಾನು ಎತ್ತಿ ನಿಲ್ಲಿಸುವುದು ಇದಕ್ಕೇ.

ಪ್ರಶ್ನೆ: ಭಯದ ಕಥೆ ಬರೆಯುವವರಿಗೆ ಭಯ ಆಗುವುದಿಲ್ಲವೇ?

ಉತ್ತರ: ಜಾಸ್ತಿ ಆಗುತ್ತದೆ. ಈಡಿತ್ ವಾರ್ಟನ್ (1862–1937) ಹೆಸರು ಕೇಳಿರಬಹುದು, ಕಾದಂಬರಿಗಾಗಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಒಂಬತ್ತನೇ ವಯಸ್ಸಿನಲ್ಲಿ ಅವರಿಗೆ ಟೈಫಾಯ್ಡ್ ಬಂತು. ಚೇತರಿಸಿಕೊಳ್ಳುವಾಗ ಯಾರೋ ಒಂದು ಹೆದರಿಕೆಯ ಪುಸ್ತಕ ಕೊಟ್ಟರು, ಓದಿ ಮತ್ತೆ ಜ್ವರ ಏರಿತು. ಆಮೇಲೆ ವರ್ಷಗಟ್ಟಲೆ ವಾಕಿಂಗ್ ಮುಗಿಸಿ ಬಂದು ಮನೆಯ ಬಾಗಿಲು ತೆರೆಯುವವರೆಗೆ ಹೊಸ್ತಿಲಲ್ಲಿ ನಿಂತಾಗ, ಹಿಂದೆ ಏನೋ ಬಂದು ನಿಂತಿದೆ ಅನಿಸುತ್ತಿತ್ತಂತೆ. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನವರೆಗೂ ದೆವ್ವದ ಕಥೆಯ ಪುಸ್ತಕ ಇದ್ದ ಕೋಣೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಎಷ್ಟೋ ಪುಸ್ತಕ ಸುಟ್ಟದ್ದಾಗಿ ಅವರೇ ಬರೆದುಕೊಂಡಿದ್ದಾರೆ. ಅಂಥವರು ಮುಂದೆ ಎಂಥೆಂಥ ದೆವ್ವದ ಕಥೆ ಬರೆದರು!

ಅವರ ಜೀವನದ ಉದ್ದಕ್ಕೂ ನಾಯಿಗಳಿದ್ದವು. ಮೊದಲನೆಯದು ಚಿಕ್ಕಂದಿನಲ್ಲಿ ಸಿಕ್ಕ ಬಿಳಿ ಸ್ಪಿಟ್ಜ್ ಮರಿ. 1916ರಲ್ಲಿ ಬಂದ ಒಂದು ಕಥೆಯಲ್ಲಿ ಪಾಳು ಬಂಗಲೆಯ ಅಂಗಳದಲ್ಲಿ ಒಂದಷ್ಟು ನಾಯಿಗಳು ನಿಂತಿರುತ್ತವೆ. ಒಂದೂ ಬೊಗಳುವುದಿಲ್ಲ, ಹತ್ತಿರವೂ ಬರುವುದಿಲ್ಲ, ಬಂದವನನ್ನು ಸುಮ್ನೆ ನೋಡುತ್ತವೆ. ಬೊಗಳದ ನಾಯಿ ಎಷ್ಟು ದುಃಖದ್ದು ಎಂದು ಗೊತ್ತಿದ್ದವರು ಮಾತ್ರ ಆ ಪುಟ ಬರೆಯಬಲ್ಲರು.

ಪ್ರಶ್ನೆ: ನಮ್ಮ ಹದಿನಾಲ್ಕು ವರ್ಷದ ನಾಯಿ ಎರಡು ತಿಂಗಳ ಹಿಂದೆ ತೀರಿಕೊಂಡಿತು. ಕೊನೆಯ ದಿನಗಳಲ್ಲಿ ಗೋಡೆ ನೋಡುತ್ತಾ ನಿಲ್ಲುತ್ತಿತ್ತು. ಈಗ ರಾತ್ರಿ ಅದರ ಉಗುರಿನ ಸದ್ದು ಕೇಳಿಸುತ್ತದೆ. ನಾನು ದೆವ್ವ ನಂಬುವವನಲ್ಲ. ಆದರೂ ಕೇಳಿಸುತ್ತದೆ. ಏನು ಮಾಡಲಿ?
– ಒಬ್ಬ ಓದುಗ

ಉತ್ತರ: ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಗುಂಡನ ಕಥೆ ಹೇಳುತ್ತೇನೆ.

ಗುಂಡನಿಗೆ ಹದಿಮೂರು ತುಂಬಿದ ವರ್ಷ. ಒಂದು ರಾತ್ರಿ ಎದ್ದು ನೋಡಿದರೆ ಅವನು ಬಾಗಿಲ ಹತ್ತಿರ ನಿಂತಿದ್ದಾನೆ, ಹೊರಗೆ ಹೋಗಲು. ಆದರೆ ಬಾಗಿಲು ತೆರೆದುಕೊಳ್ಳುವ ಕಡೆ ಅಲ್ಲ, ತಿರುಗುಣಿ ಇರುವ ಕಡೆ. ಬಾಗಿಲು ತೆರೆದೆ. ಅವನು ಹಾಗೇ ತಿರುಗುಣಿ ಸಂದಿಗೆ ಮೂಗು ಹಿಡಿದು ನಿಂತಿದ್ದ. ಹನ್ನೆರಡು ವರ್ಷ ದಿನಕ್ಕೆ ಹತ್ತು ಸಲ ದಾಟಿದ ಬಾಗಿಲು. ಆಗ ನಾನು ಒಂದು ಕಥೆ ಬರೆಯುತ್ತಿದ್ದೆ, ಮನೆಯೊಂದರಲ್ಲಿ ಕಾಣದ ಬಾಗಿಲೊಂದು ಇರುವ ಕಥೆ. ಗುಂಡನಿಗೆ ಆ ಬಾಗಿಲು ಕಾಣುತ್ತಿದೆಯೇನೋ ಎಂದು ಮೈ ಜುಮ್ಮೆಂದಿತು. ಬೆಳಗ್ಗೆ ಪಶುವೈದ್ಯರ ಹತ್ತಿರ ಹೋದೆ. ಮೊದಲು ತೋರಿಸಿದ ವೈದ್ಯರು ವಯಸ್ಸಾಯಿತು ಬಿಡಿ ಅಂದರು. ಎರಡನೆಯವರು ಕೂತು ಎಲ್ಲ ಕೇಳಿದರು. ಮನುಷ್ಯರಿಗೆ ಮರೆವಿನ ಕಾಯಿಲೆ ಬರುವ ಹಾಗೆ ನಾಯಿಗೂ ಬರುತ್ತದೆ. ಗೋಡೆ ದಿಟ್ಟಿಸುವುದು, ಮೂಲೆಗೆ ಹೋಗಿ ಹಿಂದಕ್ಕೆ ಬರಲು ತಿಳಿಯದೆ ನಿಲ್ಲುವುದು, ಹಗಲು ನಿದ್ದೆ, ರಾತ್ರಿ ಅಲೆದಾಟ, ಬಾಗಿಲ ತಪ್ಪು ಕಡೆ ಕಾಯುವುದು. ವಾಸಿಯಾಗುವುದಿಲ್ಲ. ಔಷಧಿಯಿಂದ, ಆಹಾರದಿಂದ, ಮನೆಯ ಸಾಮಾನು ಜರುಗಿಸದೆ ಇರುವುದರಿಂದ ಸ್ವಲ್ಪ ಸುಲಭವಾಗುತ್ತದೆ. ಮುದಿ ನಾಯಿ ಇರುವ ಬೇರೆ ಓದುಗರಿಗೂ ಹೇಳುತ್ತೇನೆ. ನಾಯಿ ತಲೆಯನ್ನು ಗೋಡೆಗೆ ಒತ್ತಿ ಹಿಡಿದು ನಿಂತರೆ ಅದು ಬೇರೆಯೇ ತೊಂದರೆಯ ಸೂಚನೆ, ಅವತ್ತೇ ತೋರಿಸಿ.

ಆ ಕಥೆಯನ್ನು ನಾನು ನಿಲ್ಲಿಸಿದೆ. ಗುಂಡನ ಜೊತೆ ರಾತ್ರಿ ಓಡಾಡಿದೆ. ದಾರಿಯಲ್ಲಿ ಸಣ್ಣ ದೀಪಗಳನ್ನು ಹಚ್ಚಿಟ್ಟೆ. ಅವನು ತಿರುಗುಣಿ ಕಡೆ ನಿಂತರೆ, ಪಕ್ಕೆಗೆ ಮೊಣಕಾಲು ತಾಗಿಸಿ ಮೆಲ್ಲಗೆ ಈ ಕಡೆ ತಿರುಗಿಸುತ್ತಿದ್ದೆ. ಒಂಬತ್ತು ತಿಂಗಳು ಹಾಗೆ ಕಳೆಯಿತು.

ಅವನು ಹೋದ ಮೇಲೆ ನನಗೂ ಉಗುರಿನ ಸದ್ದು ಕೇಳಿಸುತ್ತಿತ್ತು. ಅಡುಗೆಮನೆಯಿಂದ ಹಾಲ್‌ಗೆ, ಹನ್ನೊಂದು ಹೆಜ್ಜೆ, ಕೊನೆಯದು ಸ್ವಲ್ಪ ಎಳೆದ ಹಾಗೆ, ಯಾಕೆಂದರೆ ಹಿಂಗಾಲು ನೋಯುತ್ತಿತ್ತು. ಅಗಲಿದವರ ದನಿ, ಹೆಜ್ಜೆ ಕೇಳಿಸುವುದು ದುಃಖದಲ್ಲಿ ಬಹಳ ಜನರಿಗೆ ಆಗುವಂಥದ್ದು, ಅದು ಬುದ್ಧಿ ಕೆಟ್ಟ ಲಕ್ಷಣ ಅಲ್ಲ. ಹದಿನಾಲ್ಕು ವರ್ಷ ನಿಮ್ಮ ಕಿವಿ ಆ ಸದ್ದಿಗಾಗಿಯೇ ಎಚ್ಚರವಾಗಿತ್ತು. ಎರಡು ತಿಂಗಳಿಗೆ ಅದು ಬಿಡುವುದೇ? ನಿದ್ದೆ ಊಟ ಪೂರ್ತಿ ಕೆಟ್ಟರೆ ಮಾತ್ರ ಒಬ್ಬ ವೈದ್ಯರನ್ನು ಕಾಣಿ.

ಕೋನನ್ ಎಂಬ ಕತ್ತಿವೀರನನ್ನು ಸೃಷ್ಟಿಸಿದ ರಾಬರ್ಟ್ ಇ. ಹೋವರ್ಡ್ ಟೆಕ್ಸಾಸ್‌ನ ಗಟ್ಟಿ ಆಳು. 'ವಿಯರ್ಡ್ ಟೇಲ್ಸ್'ನಲ್ಲಿ ರಾಕ್ಷಸರನ್ನು, ಹೆಬ್ಬಾವುಗಳನ್ನು ಕಡಿದು ರಾಶಿ ಹಾಕಿದವರು. ಅವರ ನಾಯಿ ಪ್ಯಾಚ್ ಸಾಯುವ ಸ್ಥಿತಿಗೆ ಬಂದಾಗ ನೋಡಲಾಗದೆ ಬ್ಯಾಗ್ ತುಂಬಿಕೊಂಡು ಮನೆ ಬಿಟ್ಟು ಹೋದರು. ದೂರದಿಂದ ಅಮ್ಮನಿಗೆ ಫೋನ್ ಮಾಡಿ ಪ್ಯಾಚ್ ಹೇಗಿದ್ದಾನೆ ಎಂದು ಕೇಳುತ್ತಿದ್ದರಂತೆ. ಅದಕ್ಕಿಂತ ದೊಡ್ಡ ಭಯ ಅವರ ಯಾವ ಕಥೆಯಲ್ಲೂ ಇಲ್ಲ ಎಂದು ನನಗನಿಸುತ್ತದೆ. ನೀವು ಕೊನೆಯವರೆಗೂ ಪಕ್ಕದಲ್ಲೇ ಇದ್ದಿರಿ ಎಂದು ಪತ್ರದಲ್ಲಿ ಬರೆದಿದ್ದೀರಿ. ಸದ್ದು ಕೇಳಿದಾಗ ಹೆಸರು ಹಿಡಿದು ಕರೆಯಿರಿ. ನಾನು ಕರೆಯುತ್ತಿದ್ದೆ. ಈಗ ಯಾವಾಗಲೋ ಒಮ್ಮೆ ಕೇಳಿಸಿದರೆ ಕಾಡಿಗೆ ಕೂಡ ಕಿವಿ ನಿಮಿರಿಸುತ್ತಾಳೆ. ಅವಳು ಗುಂಡನನ್ನು ನೋಡಿದವಳೇ ಅಲ್ಲ.

ಪ್ರಶ್ನೆ: ನಾಯಿಯ ಕಣ್ಣಿನಿಂದ ಒಂದು ಭಯದ ಕಥೆ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಹೊಸ ಕಥೆಗಾರ್ತಿ

ಉತ್ತರ: ಕಣ್ಣು ಬಿಡಿ, ಮೂಗಿನಿಂದ ಶುರು ಮಾಡಿ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50–60 ಲಕ್ಷ, ನಾಯಿಗೆ 20 ಕೋಟಿಗೂ ಮೇಲೆ. ಅದರ ಕಥೆಯಲ್ಲಿ ಕತ್ತಲು ಭಯ ಹುಟ್ಟಿಸುವುದಿಲ್ಲ, ಮೌನವೂ ಇಲ್ಲ. ಅದಕ್ಕೆ ರಾಕ್ಷಸ ಬೇರೆ.

ನನ್ನನ್ನು ಕೇಳಿದರೆ ನಾಯಿಯ ಲೋಕದಲ್ಲಿ ಸೂಟ್‌ಕೇಸಿಗಿಂತ ಭಯಂಕರ ವಸ್ತು ಇಲ್ಲ. ಮೊದಲು ಅಟ್ಟದ ಧೂಳಿನ ವಾಸನೆ ಬರುತ್ತದೆ. ಆ ಧೂಳು ಹಿಂದೆ ಒಂದು ಸಲ ಬಂದಿತ್ತು, ಅದಾದ ಮೇಲೆ ನಾಲ್ಕು ರಾತ್ರಿ ಮನೆಯ ವಾಸನೆ ದಿನದಿನಕ್ಕೆ ತೆಳುವಾಗುತ್ತಾ ಹೋಗಿತ್ತು. ಆಮೇಲೆ ಜಿಪ್ಪಿನ ಸದ್ದು. ಮಂಚದ ಮೇಲೆ ದೊಡ್ಡ ಬಾಯಿ ತೆರೆದು ಅದು ಮಲಗಿದೆ. ಮನೆಯವರು ತಮ್ಮ ವಾಸನೆ ಇರುವ ಬಟ್ಟೆಗಳನ್ನು ಒಂದೊಂದಾಗಿ ಅದಕ್ಕೆ ತಿನ್ನಿಸುತ್ತಿದ್ದಾರೆ, ಅದೂ ಹಾಡು ಗುನುಗುತ್ತಾ. ಈ ಸಾಲು ಬರೆಯುವಾಗ ನನಗೇ ಎದೆ ಹಿಂಡುತ್ತದೆ.

ಒಂದು ಸಲ ನಾನು ಹಲ್ಲುಜ್ಜುವ ಬ್ರಶ್ ತರಲು ಹೋಗಿ ಬರುವಷ್ಟರಲ್ಲಿ ಕಾಡಿಗೆ ಸೂಟ್‌ಕೇಸಿನೊಳಗೆ ಹತ್ತಿ, ಮಡಚಿಟ್ಟ ಬಟ್ಟೆಗಳ ಮೇಲೆ ಮೂರು ಸುತ್ತು ಸುತ್ತಿ ಮಲಗಿಬಿಟ್ಟಿದ್ದಳು. ಗದ್ದವನ್ನು ಅಂಚಿಗೆ ಊರಿ ನನ್ನನ್ನೇ ನೋಡುತ್ತಿದ್ದಳು. ಆ ಪ್ರಯಾಣವನ್ನು ಒಂದು ದಿನ ಮುಂದೆ ಹಾಕಿದೆ. ನಿಮ್ಮ ನಾಯಿ ಏನು ಮಾಡುತ್ತದೆ ಎಂದು ಗಮನಿಸಿ, ಅದನ್ನು ಇದ್ದ ಹಾಗೇ ಬರೆಯಿರಿ. ಕಥೆ ಮುಗಿದ ಮೇಲೆ ನನಗೆ ಕಳಿಸಿ, ಕಾದಿರುತ್ತೇನೆ.